ಹೊಟ್ಟೆ ತುಂಬಿದ ಮಗುವಿನ ತೂಕ ಏಕೆ ಏರುವುದಿಲ್ಲ?

ಅಂಗನವಾಡಿಯ ತಕ್ಕಡಿಯಲ್ಲಿ ಹೋದ ತಿಂಗಳ ಅಂಕಿಯೇ ಈ ತಿಂಗಳೂ ಬಂದರೆ ಚಾಮರಾಜನಗರದ ಕಡೆಯ ತಾಯಂದಿರು ಹೇಳುವ ಮಾತೊಂದಿದೆ: ‘ತಿನ್ನದೇನೋ ತಿಂತದ ಕನವ್ವ, ಮೈಗೇ ಹತ್ತಲ್ಲ.’ ಈ ಮಾತನ್ನು ನೆಪವೆಂದು ತಳ್ಳಿಹಾಕಬೇಡಿ. ಅದು ನಿಜ. ಮಗು ತಿನ್ನುತ್ತಿದೆ, ಹೊಟ್ಟೆಯೂ ತುಂಬುತ್ತಿದೆ, ಆದರೂ ಬೆಳೆಯುತ್ತಿಲ್ಲ. ಹೀಗಾಗಲು ಕಾರಣಗಳಿವೆ. ಕೆಲವು ನಿಮ್ಮ ಅಡುಗೆಮನೆಯಲ್ಲೇ ಸರಿಹೋಗುವಂಥವು. ಕೆಲವು ಪಂಚಾಯಿತಿ, ಅಂಗನವಾಡಿ, ಆಸ್ಪತ್ರೆಗಳಲ್ಲಿ ಕೇಳಿ ಪಡೆಯಬೇಕಾದಂಥವು. ಎರಡನ್ನೂ ಇಲ್ಲಿ ಹೇಳುತ್ತೇನೆ. ಆರು ತಿಂಗಳು ತುಂಬಿದ ಮೇಲೆ ಎರಡು ವರ್ಷದವರೆಗಿನ ಕಾಲಕ್ಕೇ ಹೆಚ್ಚು ಒತ್ತು ಕೊಟ್ಟಿದ್ದೇನೆ. ಮಕ್ಕಳು ಹಿಂದೆ ಬೀಳುವುದು ಹೆಚ್ಚಾಗಿ ಆಗಲೇ, ಆಗ ನಿಂತ ಎತ್ತರವನ್ನು ಮುಂದೆ ಮರಳಿ ಪಡೆಯುವುದು ಬಹಳ ಕಷ್ಟ.

2019–21ರ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 35.4 ಮಂದಿ ವಯಸ್ಸಿಗೆ ತಕ್ಕ ಎತ್ತರವಿಲ್ಲದವರು. ಶೇ. 19.5 ಮಕ್ಕಳು ಎತ್ತರಕ್ಕೆ ತಕ್ಕ ತೂಕವಿಲ್ಲದೆ ಸೊರಗಿದವರು. ಅಂದರೆ ಪ್ರತಿ ಮೂರು ಮಕ್ಕಳಲ್ಲಿ ಒಂದು ಗಿಡ್ಡ, ಐದರಲ್ಲಿ ಒಂದು ಬಡಕಲು. ‘ನಮ್ಮ ವಂಶವೇ ಗಿಡ್ಡ’ ಎಂಬ ಸಮಾಧಾನಕ್ಕೆ ಇಷ್ಟು ದೊಡ್ಡ ಸಂಖ್ಯೆಯನ್ನು ವಿವರಿಸುವ ಶಕ್ತಿಯಿಲ್ಲ.

ಈ ಸೀಮೆಯ ತಟ್ಟೆಗೆ ಏನಾಯಿತು

ಚಾಮರಾಜನಗರದಿಂದ ಹಾಸನೂರು, ಸತ್ಯಮಂಗಲದ ಕಡೆ ಹೋಗುವ ರಸ್ತೆಯಲ್ಲಿ ತಮಿಳುನಾಡಿನ ಗಡಿಗೆ ಮುಂಚೆ ಸಿಗುವ ಊರು ಪುಣಜನೂರು. ಒಂದು ಕಡೆ ಬಿಳಿಗಿರಿರಂಗನ ಬೆಟ್ಟದ ಕಾಡು, ಸೋಲಿಗ ಬುಡಕಟ್ಟಿನವರ ಪೋಡುಗಳು, ಅಂದರೆ ಹಾಡಿಗಳು, ಮೇಲೆ ಬೇಡಗುಳಿಯ ಕಾಫಿ ತೋಟ. ಇನ್ನೊಂದು ಕಡೆ ರಾಗಿ, ಜೋಳ, ಅರಿಸಿನ ಬೆಳೆಯುವ ಬಯಲು.

ಸೋಲಿಗರ ಹಳೆಯ ಬೇಸಾಯದಲ್ಲಿ ಒಂದೇ ತುಂಡು ನೆಲದಲ್ಲಿ ರಾಗಿಯ ಜೊತೆ ಕಾಳು, ಸಾಸಿವೆ, ಸೊಪ್ಪು ಎಲ್ಲ ಇರುತ್ತಿದ್ದವು. ಕಾಡಿನಿಂದ ಗೆಣಸು, ಅಣಬೆ, ಹಣ್ಣು, ಜೇನು ಬರುತ್ತಿತ್ತು. 1974ರಲ್ಲಿ ಕಾಡು ಅಭಯಾರಣ್ಯವಾಯಿತು, ಊರುಗಳು ಒಂದೆಡೆ ನೆಲೆನಿಂತವು. 2006ರ ಹೊತ್ತಿಗೆ ಕಿರು ಅರಣ್ಯ ಉತ್ಪನ್ನ ತಂದು ಮಾರುವುದಕ್ಕೂ ತಡೆ ಬಿತ್ತು. 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶವೆಂಬ ಘೋಷಣೆ ಬಂತು. ಅದೇ ವರ್ಷ ಅರಣ್ಯ ಹಕ್ಕು ಕಾಯ್ದೆಯಡಿ ಸೋಲಿಗರ ಗ್ರಾಮಸಭೆಗಳಿಗೆ ಸಮುದಾಯ ಹಕ್ಕೂ ಸಿಕ್ಕಿತು. ಈ ನಡುವೆ ಮನೆಯ ಊಟ ಪಡಿತರದ ಅಕ್ಕಿಯ ಕಡೆಗೆ ವಾಲಿತು. ಹೊಟ್ಟೆ ತುಂಬಿಸಲು ಅಕ್ಕಿ ಸಾಕು. ಆದರೆ ಅನ್ನದ ಜೊತೆ ಬರಬೇಕಾದ ಕಾಳು, ಸೊಪ್ಪು, ಎಣ್ಣೆಬೀಜ ತಟ್ಟೆಯಿಂದ ಜಾರಿಹೋದವು.

ಬಯಲಿನ ಕಡೆಯ ಕಥೆ ಬೇರೆ, ಫಲ ಮಾತ್ರ ಹೆಚ್ಚುಕಡಿಮೆ ಅದೇ. ಗುಂಡ್ಲುಪೇಟೆ, ತೆರಕಣಾಂಬಿ ಸುತ್ತಿನ ತರಕಾರಿ ಲಾರಿ ತುಂಬಿ ಕೇರಳಕ್ಕೆ ಹೋಗುತ್ತದೆ. ಅದನ್ನು ಕೊಯ್ದ ಕೂಲಿ ಹೆಂಗಸಿನ ಮನೆಯಲ್ಲಿ ಆ ದಿನ ಬರೀ ನೀರು ಸಾರು. ಹೀಗಾಗಿ ಮಗು ಸೊರಗಿದರೆ ತಪ್ಪೆಲ್ಲ ತಾಯಿಯದೆಂದು ಬೆರಳು ತೋರಿಸುವುದು ಅನ್ಯಾಯ. ಕೂಲಿಯ ದರ, ವಲಸೆ, ಕುಡಿಯುವ ನೀರು, ಶೌಚಾಲಯ, ಪೋಡಿನಿಂದ ಅಂಗನವಾಡಿಗಿರುವ ಆನೆ ಓಡಾಡುವ ದಾರಿ, ಹುಡುಗಿಗೆ ಬೇಗ ಮಾಡಿದ ಮದುವೆ, ಬಸುರಿಯಲ್ಲಿ ಅವಳಿಗಿದ್ದ ರಕ್ತಹೀನತೆ ಇವೆಲ್ಲ ಆ ತಕ್ಕಡಿಯ ಅಂಕಿಯಲ್ಲಿ ಸೇರಿಕೊಂಡಿವೆ. ಯುನಿಸೆಫ್ 1990ರಲ್ಲಿ ಅಪೌಷ್ಟಿಕತೆಯ ಕಾರಣಗಳನ್ನು ಪದರ ಪದರವಾಗಿ ಬಿಡಿಸಿಟ್ಟಿತು. ಮೇಲಿನ ಪದರದಲ್ಲಿ ಕಡಿಮೆ ಆಹಾರ ಮತ್ತು ಕಾಯಿಲೆ, ಅದರ ಕೆಳಗೆ ಆರೈಕೆ, ನೀರು, ಆರೋಗ್ಯ ಸೇವೆ, ತೀರಾ ತಳದಲ್ಲಿ ಬಡತನ ಮತ್ತು ಆಡಳಿತ. ಇಂದೇ ನಿಮ್ಮ ಕೈಗೆ ಎಟಕುವುದು ಮೇಲಿನ ಪದರ. ಅಲ್ಲಿಂದಲೇ ಶುರುಮಾಡೋಣ.

ಚಿಕ್ಕ ಹೊಟ್ಟೆಯ ಲೆಕ್ಕ

ಮಗುವಿನ ಹೊಟ್ಟೆ ಒಂದು ಸಲಕ್ಕೆ ಹಿಡಿಯುವುದು ಅದರ ತೂಕದ ಪ್ರತಿ ಕಿಲೋಗೆ ಸುಮಾರು 30 ಮಿಲಿಲೀಟರ್. ಎಂಟು ಕಿಲೋ ಮಗುವಿಗೆ ಸುಮಾರು 240 ಮಿಲಿಲೀಟರ್, ಅಂದರೆ ಒಂದು ಲೋಟ. ಎದೆಹಾಲಿನ ಜೊತೆಗೆ ಮೇಲಿನ ಆಹಾರದಿಂದ ದಿನಕ್ಕೆ 6–8 ತಿಂಗಳಲ್ಲಿ ಸುಮಾರು 200 ಕ್ಯಾಲೊರಿ, 9–11 ತಿಂಗಳಲ್ಲಿ 300, ವರ್ಷ ತುಂಬಿದ ಮೇಲೆ 550 ಕ್ಯಾಲೊರಿ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ಈಗ ಅಂಬಲಿಯ ಲೋಟ ನೋಡಿ. ಒಂದು ಚಮಚ, ಅಂದರೆ ಹತ್ತು ಗ್ರಾಂ ರಾಗಿ ಹಿಟ್ಟನ್ನು ಒಂದು ಲೋಟ ನೀರಿಗೆ ಕದಡಿ ಕಾಸಿದರೆ ಅದರಲ್ಲಿರುವುದು 32 ಕ್ಯಾಲೊರಿಯಷ್ಟೆ. ಹೊಟ್ಟೆ ಉಬ್ಬುವಷ್ಟು ಕುಡಿದ ಮಗು ನಿದ್ದೆ ಹೋಗುತ್ತದೆ. ‘ಕೂಸು ಅಂಬ್ಲಿ ಕುಡ್ಕಂಡು ಮಲಗದ’ ಎಂದು ಅಜ್ಜಿ ನೆಮ್ಮದಿಯಿಂದ ಹೇಳುತ್ತಾಳೆ. ಅದೇ ಲೋಟದಲ್ಲಿ 40 ಗ್ರಾಂ ಹಿಟ್ಟು, 10 ಗ್ರಾಂ ಕಡಲೆಕಾಯಿ ಬೀಜದ ಪುಡಿ, ಒಂದು ಟೀ ಚಮಚ ಎಣ್ಣೆಯೋ ತುಪ್ಪವೋ ಇದ್ದರೆ ಸುಮಾರು 230 ಕ್ಯಾಲೊರಿ. ಲೋಟ ಅದೇ, ಹೊಟ್ಟೆ ಅದೇ, ಸಿಗುವ ಶಕ್ತಿ ಮಾತ್ರ ಏಳು ಪಟ್ಟು. ‘ಮೈಗೆ ಹತ್ತಲ್ಲ’ ಎಂಬ ದೂರಿಗೆ ದೊಡ್ಡ ಉತ್ತರ ಇಲ್ಲೇ ಇದೆ.

ತೊಡಕೊಂದಿದೆ. ಅಷ್ಟು ಹಿಟ್ಟು ಹಾಕಿದರೆ ಅದು ಮುದ್ದೆಯಂತೆ ಗಟ್ಟಿಯಾಗುತ್ತದೆ, ಹಲ್ಲಿಲ್ಲದ ಬಾಯಿ ಅದನ್ನು ನುಂಗುವುದಿಲ್ಲ. ನಮ್ಮ ಅಜ್ಜಿಯರು ಮಾಡುತ್ತಿದ್ದ ಮೊಳಕೆ ಕಟ್ಟಿದ ರಾಗಿ ಹಿಟ್ಟಿಗೆ ಇಲ್ಲೇ ಬೆಲೆ. ಕಾಳು ಮೊಳೆಯುವಾಗ ಪಿಷ್ಟವನ್ನು ಒಡೆಯುವ ಕಿಣ್ವ ಅದರಲ್ಲಿ ಹುಟ್ಟುತ್ತದೆ. ಈ ಕಿಣ್ವ ಗಟ್ಟಿ ಗಂಜಿಯನ್ನು ತೆಳ್ಳಗೆ ಹರಿಯುವಂತೆ ಮಾಡುತ್ತದೆ. ನೀರು ಹೆಚ್ಚಿಸದೆಯೇ ಗಂಜಿ ತೆಳುವಾಗುವುದರಿಂದ ಹಿಟ್ಟೂ ಹೆಚ್ಚು ಸೇರುತ್ತದೆ, ಮಗುವೂ ಸಲೀಸಾಗಿ ನುಂಗುತ್ತದೆ. ಕಬ್ಬಿಣಾಂಶ ದೇಹಕ್ಕೆ ಸೇರದಂತೆ ಕಾಳಿನಲ್ಲಿ ತಡೆಯುವ ಅಂಶವೂ ಮೊಳಕೆಯಿಂದ ತಗ್ಗುತ್ತದೆ. ರಾಗಿಯಲ್ಲಿ 100 ಗ್ರಾಂಗೆ 340 ಮಿಲಿಗ್ರಾಂಗಿಂತ ಹೆಚ್ಚು ಸುಣ್ಣದ ಅಂಶವಿದೆ, ಅಕ್ಕಿಯಲ್ಲಿ ಅದರ ಸಣ್ಣ ಪಾಲೂ ಇಲ್ಲ. ಪೇಟೆಯ ಡಬ್ಬದ ಪುಡಿಗೆ ಕೂಲಿಯ ದುಡ್ಡು ಸುರಿಯುವ ಅಗತ್ಯ ನಿಮಗಿಲ್ಲ.

ಮೊಳಕೆ ರಾಗಿ ಹಿಟ್ಟು ಮಾಡುವ ಬಗೆ

1. ರಾಗಿಯನ್ನು ಕಲ್ಲು, ಜೊಳ್ಳು ಹೋಗುವಂತೆ ಕೇರಿ, ನಾಲ್ಕೈದು ನೀರಿನಲ್ಲಿ ತೊಳೆದು, ರಾತ್ರಿಯಿಡೀ ನೆನೆಹಾಕಿ.

2. ಬೆಳಿಗ್ಗೆ ನೀರು ಬಸಿದು ತೆಳು ಹತ್ತಿಬಟ್ಟೆಯಲ್ಲಿ ಕಟ್ಟಿ ನೆರಳಿನಲ್ಲಿಡಿ. ಬಟ್ಟೆ ಒಣಗದಂತೆ ನೀರು ಚಿಮುಕಿಸುತ್ತಿರಿ. ಒಂದೆರಡು ದಿನದಲ್ಲಿ ಬಿಳಿ ಮೊಳಕೆ ಹೊರಡುತ್ತದೆ. ಮುಗ್ಗಲು ವಾಸನೆ ಬಂದರೆ, ಹಸಿರೋ ಕಪ್ಪೋ ಬೂಷ್ಟು ಕಂಡರೆ ಅಷ್ಟನ್ನೂ ಚೆಲ್ಲಿ. ತೊಳೆದು ಬಳಸೋಣ ಎನ್ನಬೇಡಿ.

3. ಶುಭ್ರ ಬಟ್ಟೆಯ ಮೇಲೆ ತೆಳ್ಳಗೆ ಹರಡಿ ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿ, ಅಂಗೈಯಲ್ಲಿ ಉಜ್ಜಿ ಒಣಗಿದ ಮೊಳಕೆ ಉದುರಿಸಿ.

4. ಬಾಣಲೆಯನ್ನು ಸಣ್ಣ ಉರಿಯಲ್ಲಿಟ್ಟು ರಾಗಿಯನ್ನು ಬೆಚ್ಚಗೆ ಮಾಡಿದರೆ ಸಾಕು. ಘಮ ಬರುವಷ್ಟು ಹುರಿದರೆ ಹಿಟ್ಟು ರುಚಿಯಾಗುತ್ತದೆ ನಿಜ, ಆದರೆ ಗಂಜಿ ತೆಳುಮಾಡುವ ಕಿಣ್ವ ಕಾವಿಗೆ ಸತ್ತುಹೋಗುತ್ತದೆ.

5. ಮೂರು ಪಾಲು ರಾಗಿಗೆ ಒಂದು ಪಾಲು ಕಾಳು ಸೇರಿಸಿ. ಹುರುಳಿ, ಹೆಸರು, ಕಡಲೆ, ಯಾವುದಿದೆಯೋ ಅದು. ಕಾಳನ್ನು ಬೇರೆಯಾಗಿ ಹದವಾಗಿ ಹುರಿದುಕೊಳ್ಳಿ. ರಾಗಿಯ ಪ್ರೋಟೀನಿನಲ್ಲಿ ಕೊರತೆಯಾದುದನ್ನು ಕಾಳು ತುಂಬಿಕೊಡುತ್ತದೆ. ಎರಡನ್ನೂ ನುಣ್ಣಗೆ ಬೀಸಿ, ತೆಳು ಬಟ್ಟೆಯಲ್ಲಿ ಜರಡಿ ಹಿಡಿದು, ಒಣ ಡಬ್ಬದಲ್ಲಿ ತುಂಬಿ. ಸ್ವಲ್ಪ ಸ್ವಲ್ಪವೇ ಮಾಡಿಕೊಳ್ಳುವುದು ಒಳ್ಳೆಯದು.

6. ನಾಲ್ಕು ಚಮಚ ಹಿಟ್ಟನ್ನು ತಣ್ಣೀರಿನಲ್ಲಿ ಗಂಟಿಲ್ಲದಂತೆ ಕದಡಿ, ಸಣ್ಣ ಉರಿಯಲ್ಲಿ ಕೈಬಿಡದೆ ತಿರುವುತ್ತ ಬೇಯಿಸಿ. ಇಳಿಸಿದ ಮೇಲೆ ಕಡಲೆಕಾಯಿ ಪುಡಿ, ಎಣ್ಣೆ ಅಥವಾ ತುಪ್ಪ ಹಾಕಿ. ಚಮಚ ಓರೆ ಮಾಡಿದರೆ ಈ ಗಂಜಿ, ಅಂದರೆ ಸರಿ, ನೀರಿನಂತೆ ಸುರಿಯಬಾರದು, ನಿಧಾನವಾಗಿ ಜಾರಬೇಕು.

ಮೊಳಕೆ ಕಟ್ಟಲು ಪ್ರತಿ ಸಲವೂ ಪುರುಸೊತ್ತಿಲ್ಲದವರಿಗೆ ಒಂದು ಸುಲಭದ ದಾರಿಯಿದೆ. ಮನೆಯ ಮಾಮೂಲು ಹಿಟ್ಟಿನಲ್ಲೇ ಗಟ್ಟಿ ಸರಿ ಬೇಯಿಸಿ ಒಲೆಯಿಂದ ಇಳಿಸಿ. ಕುದಿ ಅಡಗಿ ಇನ್ನೂ ಚೆನ್ನಾಗಿ ಬಿಸಿಯಿರುವಾಗಲೇ ಒಂದು ಟೀ ಚಮಚ ಮೊಳಕೆ ಹಿಟ್ಟು ಕಲಸಿ ಬಿಡಿ. ಕೆಲವೇ ನಿಮಿಷದಲ್ಲಿ ಅದು ಸಡಿಲವಾಗಿ ಹರಿಯುತ್ತದೆ. ಮತ್ತೆ ಒಲೆಯ ಮೇಲಿಟ್ಟು ಒಂದು ಕುದಿ ಬರಿಸಿ ಆರಿಸಿ ಉಣಿಸಿ. ಆ ಕೊನೆಯ ಕುದಿ ಬಿಡಬೇಡಿ, ಹಸಿ ಹಿಟ್ಟಿನಲ್ಲಿರುವ ರೋಗಾಣು ಸಾಯುವುದು ಅದರಲ್ಲೇ.

ಎಷ್ಟು, ಎಷ್ಟು ಸಲ

ಹುಟ್ಟಿದ ಒಂದು ಗಂಟೆಯೊಳಗೆ ಎದೆಹಾಲು. ಆರು ತಿಂಗಳು ತುಂಬುವವರೆಗೆ ಎದೆಹಾಲು ಮಾತ್ರ, ನೀರೂ ಬೇಡ. ಆಮೇಲೆ ಎರಡು ವರ್ಷ ಅಥವಾ ಅದಕ್ಕೂ ಮೀರಿ ಎದೆಹಾಲಿನ ಜೊತೆಗೆ ಮೇಲಿನ ಆಹಾರ. 250 ಮಿಲಿಲೀಟರ್ ಹಿಡಿಯುವ ಬಟ್ಟಲೊಂದನ್ನು ಮಗುವಿಗೆಂದೇ ಬೇರೆ ಇಡಿ. ದೊಡ್ಡವರ ತಟ್ಟೆಯಿಂದ ತುತ್ತು ತುತ್ತಾಗಿ ಕೊಟ್ಟರೆ ಮಗು ಎಷ್ಟು ತಿಂದಿತೆಂದು ಯಾರಿಗೂ ಗೊತ್ತಾಗುವುದಿಲ್ಲ.

• 6–8 ತಿಂಗಳು: ದಿನಕ್ಕೆ 2–3 ಸಲ. ಎರಡು ಮೂರು ಚಮಚದಿಂದ ಶುರುಮಾಡಿ ಅರ್ಧ ಬಟ್ಟಲಿಗೆ ಏರಿಸಿ.
• 9–11 ತಿಂಗಳು: ಅರ್ಧ ಬಟ್ಟಲು, 3–4 ಸಲ. ನಡುವೆ ಬಾಳೆಹಣ್ಣು ಅಥವಾ ಬೇಯಿಸಿದ ಗೆಣಸು.
• 1–2 ವರ್ಷ: ಮುಕ್ಕಾಲರಿಂದ ಒಂದು ಬಟ್ಟಲು, 3–4 ಸಲ. ಮಧ್ಯೆ ಒಂದೆರಡು ಸಲ ತಿಂಡಿ.

ಸರಿಯೊಂದೇ ಸಾಲದು. ಮುದ್ದೆಯನ್ನು ಮಸ್ಸೊಪ್ಪಿನಲ್ಲಿ ಮೆದುವಾಗಿ ಕಿವುಚಿ ಕೊಡಿ. ಬಸ್ಸಾರಿಗೆ ಬಸಿದ ಕಾಳು, ಸೊಪ್ಪು ಮಗುವಿನ ಪಾಲಿಗೆ ಮೊದಲು ಹೋಗಲಿ, ನೀರು ಸಾರು ದೊಡ್ಡವರಿಗೆ. ಹೊಲದ ಬದುವಿನ ಬೆರಕೆ ಸೊಪ್ಪು, ಹಿತ್ತಲ ನುಗ್ಗೆ ಸೊಪ್ಪು, ಪರಂಗಿ ಹಣ್ಣು, ಮೊಟ್ಟೆ, ಮೀನು ಎಲ್ಲವನ್ನೂ ಆರು ತಿಂಗಳು ತುಂಬಿದ ಮೇಲೆ ನುಣ್ಣಗೆ ಮಾಡಿ ಕೊಡಬಹುದು. ಬೆಟ್ಟದ ನೆಲ್ಲಿಕಾಯಿ ನಿಮ್ಮ ಕೈಗೆಟಕುವ ಕಡೆ ಇದ್ದರೆ ಅದರ ತುಣುಕನ್ನು ಅರೆದು ಸೊಪ್ಪಿನ ಜೊತೆ ಕಲಸಿ. ಸೊಪ್ಪಿನ ಕಬ್ಬಿಣಾಂಶ ರಕ್ತಕ್ಕೆ ಸೇರಲು ಅದರ ಹುಳಿ ನೆರವಾಗುತ್ತದೆ.

ಅವ್ವ ಕೂಲಿಗೆ ಹೋದ ಮೇಲೆ

ಯಾವ ಪುಸ್ತಕದ ಸಲಹೆಯೂ ಮುರಿದುಬೀಳುವುದು ಇಲ್ಲೇ. ಬೆಳಿಗ್ಗೆ ಅರಿಸಿನ ಕೀಳಲು ಹೋದ ತಾಯಿ ಬರುವುದು ಸಂಜೆಗೆ. ನಡುವಿನ ಎರಡು ಊಟ ಅಜ್ಜಿಯ ಕೈಯಲ್ಲೋ ಏಳೆಂಟು ವರ್ಷದ ಅಕ್ಕನ ಕೈಯಲ್ಲೋ ಇರುತ್ತದೆ. ಹಾಗಾಗಿ ಉಣಿಸುವ ಕ್ರಮವನ್ನು ತಾಯಿಗಷ್ಟೇ ಹೇಳಿದರೆ ಕೆಲಸವಾಗದು. ಆಶಾ ಕಾರ್ಯಕರ್ತೆ ಮನೆಗೆ ಬಂದಾಗ ಅಜ್ಜಿ, ಅಪ್ಪ, ಅತ್ತೆ ಎಲ್ಲರೂ ಕೂರಬೇಕು. ಹಿಟ್ಟು ಬೀಸಿ ಡಬ್ಬದಲ್ಲಿಟ್ಟಿದ್ದರೆ ಅಜ್ಜಿಗೆ ಸರಿ ಮಾಡುವುದು ಹತ್ತು ನಿಮಿಷದ ಕೆಲಸ. ಬೆಳಿಗ್ಗೆಯೇ ಮಾಡಿ ಮುಚ್ಚಿಟ್ಟ ಸರಿಯನ್ನು ಮಧ್ಯಾಹ್ನ ಕೊಡಬೇಡಿ, ಬೇಸಿಗೆಯಲ್ಲಿ ಎರಡು ಗಂಟೆ ಮೀರಿದರೆ ಅದು ಹೊಟ್ಟೆ ಕೆಡಿಸುತ್ತದೆ.

ಉದ್ಯೋಗ ಖಾತರಿ ಕೆಲಸಕ್ಕೆ ಹೋಗುವ ತಾಯಂದಿರ ಮೂರು ವರ್ಷದೊಳಗಿನ ಮಕ್ಕಳಿಗೆಂದು ರಾಜ್ಯದಲ್ಲಿ 2023ರಿಂದ ಗ್ರಾಮ ಪಂಚಾಯಿತಿಗಳ ‘ಕೂಸಿನ ಮನೆ’ಗಳು ಶುರುವಾದವು. ನಿಮ್ಮ ಪಂಚಾಯಿತಿಯಲ್ಲಿ ಇದೆಯೇ, ಬಾಗಿಲು ತೆರೆದಿದೆಯೇ, ಅಲ್ಲಿ ಉಣಿಸುತ್ತಾರೆಯೇ ಎಂದು ಪಿಡಿಒ ಅವರನ್ನು ಕೇಳಿ. ಇಲ್ಲದಿದ್ದರೆ ಗ್ರಾಮಸಭೆಯಲ್ಲಿ ಬರವಣಿಗೆಯಲ್ಲಿ ಬೇಡಿಕೆಯಿಡಿ. ನನ್ನ ಮಟ್ಟಿಗೆ ಈ ಸೀಮೆಯ ಮಕ್ಕಳ ತೂಕಕ್ಕೆ ಇನ್ನೊಂದು ಪೊಟ್ಟಣ ಪುಡಿಗಿಂತ ಹಗಲು ಹೊತ್ತು ಉಣಿಸುವ ಒಂದು ಜೋಡಿ ಕೈ ಹೆಚ್ಚು ಮುಖ್ಯ.

ತಿಂದದ್ದನ್ನು ಕಸಿಯುವ ಕಾಯಿಲೆ

ಮತ್ತೆ ಮತ್ತೆ ಭೇದಿಯಾದರೆ ತಿಂದ ಆಹಾರ ರಕ್ತಕ್ಕೆ ಸೇರುವ ಮುಂಚೆಯೇ ಹೊರಹೋಗುತ್ತದೆ. ಮಲದ ಕೊಳೆ ಇರುವ ಅಂಗಳದಲ್ಲಿ ತೆವಳಿ ಬೆಳೆವ ಮಗುವಿನ ಕರುಳಿನ ಒಳಪದರವೇ ಸವೆಯುತ್ತದೆ, ಭೇದಿ ಇಲ್ಲದ ದಿನವೂ ಅದು ಸರಿಯಾಗಿ ಹೀರಿಕೊಳ್ಳುವುದಿಲ್ಲ. ಬರಿಗಾಲಿನಲ್ಲಿ ಓಡಾಡುವ ಮಕ್ಕಳಿಗೆ ಕೊಕ್ಕೆಹುಳು ಪಾದದ ಚರ್ಮದಿಂದಲೇ ಒಳಹೊಕ್ಕು ರಕ್ತ ಹೀರುತ್ತದೆ. ಆದ್ದರಿಂದ:

1. ಉಣಿಸುವ ಮುನ್ನ, ಮಗುವನ್ನು ತೊಳೆದ ಮೇಲೆ ಸೋಪಿನಲ್ಲಿ ಕೈ ತೊಳೆಯಿರಿ. ನೀರನ್ನು ಕುದಿಸಿ ಆರಿಸಿ ಕೊಡಿ. ಮಗುವಿನ ಮಲವನ್ನೂ ಶೌಚಾಲಯಕ್ಕೇ ಹಾಕಿ.

2. ಭೇದಿಯಾದರೆ ಓಆರ್‌ಎಸ್ ಜೊತೆಗೆ ಜಿಂಕ್ ಮಾತ್ರೆ ಕೇಳಿ ಪಡೆಯಿರಿ. ಆರು ತಿಂಗಳು ಮೀರಿದ ಮಗುವಿಗೆ ದಿನಕ್ಕೆ 20 ಮಿಲಿಗ್ರಾಂ, 14 ದಿನ. ಭೇದಿ ಮೂರೇ ದಿನಕ್ಕೆ ನಿಂತರೂ 14 ದಿನ ಮುಗಿಸಿ.

3. ಕಾಯಿಲೆಯಲ್ಲಿ ಎದೆಹಾಲು, ಊಟ ಎರಡನ್ನೂ ನಿಲ್ಲಿಸಬೇಡಿ. ಸ್ವಲ್ಪ ಸ್ವಲ್ಪ, ಹೆಚ್ಚು ಸಲ ಕೊಡಿ. ಗುಣವಾದ ಮೇಲೆ ಎರಡು ವಾರ ದಿನಕ್ಕೊಂದು ಊಟ ಹೆಚ್ಚಿಗೆ ಕೊಡಿ. ಕಳೆದುಕೊಂಡ ತೂಕ ಮರಳುವುದು ಆ ಎರಡು ವಾರದಲ್ಲೇ.

4. ಒಂದು ವರ್ಷ ತುಂಬಿದ ಮಕ್ಕಳಿಗೆ ಆರು ತಿಂಗಳಿಗೊಮ್ಮೆ ಜಂತುಹುಳು ಮಾತ್ರೆ, ಒಂಬತ್ತು ತಿಂಗಳಿಂದ ಐದು ವರ್ಷದವರೆಗೆ ಎ ಅನ್ನಾಂಗ, ವಾರಕ್ಕೆರಡು ಸಲ ಐರನ್ ಸಿರಪ್ ಸರ್ಕಾರದಿಂದ ಉಚಿತ. ಜ್ವರ ಇರುವಾಗ ಅಥವಾ ಮಗು ತೀರಾ ಸೊರಗಿದ್ದರೆ ಐರನ್ ಕೊಡುವ ಮುನ್ನ ದಾದಿಯನ್ನು ಕೇಳಿ.

5. ಸೋಲಿಗ, ಜೇನುಕುರುಬ, ಕಾಡುಕುರುಬ ಕುಟುಂಬಗಳಲ್ಲಿ ಕುಡುಗೋಲು ಕಣ ರಕ್ತಹೀನತೆ, ಅಂದರೆ ಸಿಕಲ್ ಸೆಲ್ ಕಾಯಿಲೆ ಇದೆ. ಮಗುವಿಗೆ ಪದೇ ಪದೇ ಕೈಕಾಲು ನೋವು, ಊತ, ಬಿಳಿಚಿದ ಮುಖ, ಹಳದಿ ಕಣ್ಣು ಕಂಡರೆ ರಕ್ತ ಪರೀಕ್ಷೆ ಮಾಡಿಸಲೇಬೇಕು. ಊಟ ಎಷ್ಟೇ ಸುಧಾರಿಸಿದರೂ ಈ ಕಾಯಿಲೆಗೆ ಬೇರೆಯೇ ಚಿಕಿತ್ಸೆ ಬೇಕು.

ಸಾಮಾನ್ಯವಾಗಿ ಆಗುವ ತಪ್ಪುಗಳು

ಹಸುಗೂಸಿಗೆ ಜೇನು ನೆಕ್ಕಿಸುವುದು. ಬೆಟ್ಟದ ಜೇನು ಎಷ್ಟೇ ಶುದ್ಧವಾಗಿರಲಿ, ಒಂದು ವರ್ಷದೊಳಗಿನ ಮಗುವಿಗೆ ಬೇಡ. ಅದರಲ್ಲಿರಬಹುದಾದ ಒಂದು ರೋಗಾಣುವಿನ ಬೀಜಕ ಹಸುಗೂಸಿನ ಕರುಳಿನಲ್ಲಿ ವಿಷ ಉತ್ಪಾದಿಸಿ ಸ್ನಾಯುಗಳನ್ನು ಸಡಿಲಗೊಳಿಸುತ್ತದೆ. ಕುದಿಸಿದರೂ ಆ ಬೀಜಕ ಸಾಯುವುದಿಲ್ಲ.

ಟೀ, ಬಿಸ್ಕತ್ತಿನಲ್ಲಿ ಹಸಿವು ಅಡಗಿಸುವುದು. ಟೀ ಕಬ್ಬಿಣಾಂಶವನ್ನು ಹಿಡಿದಿಟ್ಟು ರಕ್ತಕ್ಕೆ ಬಿಡುವುದಿಲ್ಲ. ಐದು ರೂಪಾಯಿಯ ಚಿಪ್ಸ್ ಪೊಟ್ಟಣವೂ ಅಷ್ಟೆ, ಮುಂದಿನ ಊಟದ ಹಸಿವನ್ನು ತಿಂದುಹಾಕುತ್ತದೆ.

ಅಂಗನವಾಡಿಯಿಂದ ತಂದ ಪುಷ್ಟಿ ಪೊಟ್ಟಣವನ್ನು ಮನೆಮಂದಿಗೆಲ್ಲ ರೊಟ್ಟಿ ತಟ್ಟುವುದು. ಅದು ಆ ಮಗುವಿನ ಪಾಲು. ಡಬ್ಬದ ಮೇಲೆ ಮಗುವಿನ ಹೆಸರು ಬರೆದಿಟ್ಟರೆ ಕೈ ಹಾಕುವವರು ಕಡಿಮೆ.

ಇಡೀ ಕಡಲೆಕಾಯಿ ಬೀಜ, ಹುರಿಗಡಲೆ ಬಾಯಿಗೆ ಕೊಡುವುದು. ಉಸಿರುಗಟ್ಟುತ್ತದೆ. ಮೂರು ನಾಲ್ಕು ವರ್ಷದವರೆಗೆ ಪುಡಿ ಮಾಡಿಯೇ ಕೊಡಿ.

ಹಲ್ಲು ಬಂದ ಮೇಲೆ ಊಟ ಶುರುಮಾಡೋಣ ಎಂದು ಎಂಟೊಂಬತ್ತು ತಿಂಗಳವರೆಗೆ ಕಾಯುವುದು. ಬಸುರಿಗೆ ಊಟ ಕಡಿಮೆ ಕೊಟ್ಟರೆ ಮಗು ಚಿಕ್ಕದಾಗಿ ಹೆರಿಗೆ ಸಲೀಸಾಗುತ್ತದೆಂದು ನಂಬುವುದು. ಎರಡೂ ಮಗುವನ್ನು ಮೊದಲೇ ಹಿಂದಕ್ಕೆ ತಳ್ಳುತ್ತವೆ.

ತೂಕದ ಗೆರೆ, ತೋಳಿನ ಪಟ್ಟಿ

ತಾಯಿ ಕಾರ್ಡಿನ ಬೆಳವಣಿಗೆ ಪಟದಲ್ಲಿ ಎಲ್ಲರೂ ನೋಡುವುದು ಬಣ್ಣವನ್ನು. ನೀವು ಗೆರೆ ಯಾವ ಕಡೆ ಹೊರಟಿದೆ ಎಂದು ನೋಡಿ. ಹಸಿರಿನಲ್ಲೇ ಇದ್ದರೂ ಎರಡು ತಿಂಗಳಿಂದ ಗೆರೆ ಅಡ್ಡಕ್ಕೆ ಮಲಗಿದ್ದರೆ ಏನೋ ಕೆಟ್ಟಿದೆ ಎಂದೇ ಅರ್ಥ. ಸಾಮಾನ್ಯವಾಗಿ ಹುಟ್ಟಿದ ತೂಕ ಐದು ತಿಂಗಳಿಗೆ ಎರಡರಷ್ಟು, ವರ್ಷಕ್ಕೆ ಮೂರರಷ್ಟಾಗಬೇಕು.

ಆರು ತಿಂಗಳಿಂದ ಐದು ವರ್ಷದ ಮಗುವಿನ ಎಡ ತೋಳಿನ ನಡುಭಾಗದ ಸುತ್ತಳತೆ 12.5 ಸೆಂಟಿಮೀಟರಿಗಿಂತ ಕಡಿಮೆಯಾದರೆ ಎಚ್ಚರಿಕೆ. 11.5ಕ್ಕಿಂತ ಕಡಿಮೆಯಾದರೆ ತೀವ್ರ ಅಪೌಷ್ಟಿಕತೆ, ಕಾಯುವಂತಿಲ್ಲ. ಆಶಾ ಅಥವಾ ಅಂಗನವಾಡಿ ಕಾರ್ಯಕರ್ತೆಯ ಬಳಿ ಬಣ್ಣದ ಪಟ್ಟಿ ಇರುತ್ತದೆ, ಅಳೆಯಲು ಕೇಳಿ. ಇನ್ನೊಂದು ಪರೀಕ್ಷೆಗೆ ಪಟ್ಟಿಯೂ ಬೇಡ. ಎರಡೂ ಪಾದದ ಮೇಲೆ ಹೆಬ್ಬೆರಳಿನಿಂದ ಮೂರೆಣಿಸುವಷ್ಟು ಹೊತ್ತು ಒತ್ತಿ ಬಿಡಿ. ಗುಳಿ ಹಾಗೇ ಉಳಿದರೆ ಅದು ನೀರು ತುಂಬಿದ ಊತ. ಇಂಥ ಮಗು ದುಂಡಗೆ ಕಂಡು ಮೋಸವಾಗುತ್ತದೆ, ಅಸಲಿಗೆ ಅದೇ ಹೆಚ್ಚು ಅಪಾಯದಲ್ಲಿದೆ.

ಊತ, 11.5ಕ್ಕಿಂತ ಕಡಿಮೆ ಸುತ್ತಳತೆ, ಊಟ ಪೂರ್ತಿ ಬಿಟ್ಟಿರುವುದು, ಮಂಪರು, ಫಿಟ್ಸ್, ಉಸಿರಾಡುವಾಗ ಎದೆ ಒಳಸೆಳೆತ ಕಂಡರೆ 108ಕ್ಕೆ ಕರೆ ಮಾಡಿ. ಜಿಲ್ಲಾ ಆಸ್ಪತ್ರೆಗಳಲ್ಲಿರುವ ಪೌಷ್ಟಿಕ ಪುನಶ್ಚೇತನ ಕೇಂದ್ರದಲ್ಲಿ ಸಾಮಾನ್ಯವಾಗಿ 14 ದಿನ ಮಗುವನ್ನೂ ತಾಯಿಯನ್ನೂ ಇರಿಸಿಕೊಂಡು ಉಚಿತ ಚಿಕಿತ್ಸೆ ಕೊಡುತ್ತಾರೆ. ತಾಯಿಗೆ ಆ ದಿನಗಳ ಕೂಲಿ ನಷ್ಟ ಭತ್ಯೆಯೂ ಇದೆ. ‘ಮನೆಯಲ್ಲಿ ಉಳಿದ ಮಕ್ಕಳನ್ನು ನೋಡುವವರಿಲ್ಲ’ ಎಂದು ಅರ್ಧಕ್ಕೇ ಹೊರಟುಬರುವ ತಾಯಂದಿರು ಬಹಳ. ಆ ಎರಡು ವಾರ ಮನೆ ನೋಡಿಕೊಳ್ಳುವುದು ಅಪ್ಪನ, ನೆಂಟರ ಹೊಣೆ.

ಕೇಳಿ ಪಡೆಯಬೇಕಾದದ್ದು

ಅಂಗನವಾಡಿ ಯೋಜನೆ ದೇಶದಲ್ಲಿ 1975ರ ಅಕ್ಟೋಬರ್ 2ರಂದು ಶುರುವಾದಾಗ ಕರ್ನಾಟಕದಲ್ಲಿ ಮೊದಲು ಬಂದದ್ದು ನೆರೆಯ ತಿ. ನರಸೀಪುರಕ್ಕೆ. 2013ರ ಆಹಾರ ಭದ್ರತಾ ಕಾಯ್ದೆಯ ನಂತರ ಅಲ್ಲಿನ ಆಹಾರ ಕಾನೂನಿನ ಹಕ್ಕು. ಆರು ತಿಂಗಳಿಂದ ಆರು ವರ್ಷದ ಮಗುವಿಗೆ ದಿನಕ್ಕೆ 500 ಕ್ಯಾಲೊರಿ, ಅಪೌಷ್ಟಿಕ ಮಗುವಿಗೆ 800. ಬಸುರಿ, ಬಾಣಂತಿಯರಿಗೆ 2017ರಿಂದ ಮಾತೃಪೂರ್ಣ ಯೋಜನೆಯ ಊಟವಿದೆ. ಪೋಡುಗಳ ಬುಡಕಟ್ಟು ಕುಟುಂಬಗಳಿಗೆ ಪರಿಶಿಷ್ಟ ಪಂಗಡಗಳ ಕಲ್ಯಾಣ ಇಲಾಖೆಯಿಂದ ಕಾಳು, ಬೆಲ್ಲ, ಎಣ್ಣೆ, ಮೊಟ್ಟೆ ಇರುವ ಪೌಷ್ಟಿಕ ಆಹಾರವೂ ಬರುತ್ತದೆ. ಮೊಟ್ಟೆ ಎಷ್ಟು, ಯಾವ ದಿನ ಎಂದು ಅಂಗನವಾಡಿ ಗೋಡೆಯ ಮೇಲೆ ಬರೆಸಿ. ದಾರಿಯಲ್ಲಿ ಆನೆಯ ಭಯವಿದ್ದು ಮಗುವನ್ನು ಕಳಿಸಲಾಗದಿದ್ದರೆ ಪೋಡಿಗೇ ಆಹಾರ ತಲುಪಿಸಲು ಮೇಲ್ವಿಚಾರಕಿಗೆ ಅರ್ಜಿ ಕೊಡಿ.

ಕೊನೆಯದಾಗಿ, ವಲಸೆ ಹೊರಡುವವರಿಗೆ. ಕೊಡಗಿನ ಕಾಫಿ ತೋಟಕ್ಕೋ, ವಯನಾಡಿನ ಶುಂಠಿ ಹೊಲಕ್ಕೋ, ಗಡಿಯಾಚೆಯ ಕಬ್ಬಿನ ಗದ್ದೆಗೋ ಹೋಗುವ ಮುನ್ನ ನಾಲ್ಕು ಕೆಲಸ ಮುಗಿಸಿಕೊಳ್ಳಿ. ತಾಯಿ ಕಾರ್ಡ್, ಆಧಾರ್, ಪಡಿತರ ಚೀಟಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಜೊತೆಗೇ ಒಯ್ಯಿರಿ, ಪಡಿತರವನ್ನು ಬೇರೆ ರಾಜ್ಯದಲ್ಲೂ ಪಡೆಯಬಹುದು. ಬಾಕಿಯಿರುವ ಲಸಿಕೆ ಹಾಕಿಸಿಕೊಳ್ಳಿ. ನಾವು ಇಂಥ ಊರಿಗೆ ಹೋಗುತ್ತಿದ್ದೇವೆಂದು ಅಂಗನವಾಡಿ ಕಾರ್ಯಕರ್ತೆಗೆ ಹೇಳಿ ಹೊರಡಿ, ಪೋಷಣ್ ಟ್ರ್ಯಾಕರ್‌ನಲ್ಲಿ ಮಗುವಿನ ಹೆಸರನ್ನು ಅಲ್ಲಿನ ಅಂಗನವಾಡಿಗೆ ವರ್ಗಾಯಿಸಲು ಬರುತ್ತದೆ. ಮೊಳಕೆ ರಾಗಿ ಹಿಟ್ಟು, ಓಆರ್‌ಎಸ್ ಪೊಟ್ಟಣ, ಜಿಂಕ್ ಮಾತ್ರೆ ಗಂಟಿನಲ್ಲಿರಲಿ. ತೋಟಕ್ಕೆ ಸೇರಿದ ಮೊದಲ ವಾರದಲ್ಲೇ ಅಲ್ಲಿನ ಅಂಗನವಾಡಿ ಎಲ್ಲಿದೆ ಎಂದು ವಿಚಾರಿಸಿ ಮಗುವಿನ ತೂಕ ತೂಗಿಸಿ, ಅದೇ ಕಾರ್ಡಿನಲ್ಲಿ ಬರೆಸಿ.